ಗೌರಿಯ ರಕ್ತದಲ್ಲಿ ಸಿಕ್ಕ ಕಾಲುಬಾಯಿ ಜ್ವರ

ನಮ್ಮ ಹಟ್ಟಿಯ, ನಾಟಿ ತಳಿಯ ಗಿಡ್ಡ ದನ ಗೌರಿಗೆ ಕಾಲುಬಾಯಿ ಜ್ವರದ ವೈರಸ್ ತಗಲಿತ್ತು ಎಂಬುದು ನಮಗೆ ತಿಳಿದದ್ದು ಅದು ತಗಲಿ ನಾಲ್ಕು ತಿಂಗಳು ಕಳೆದ ಮೇಲೆ, ಒಂದು ರಕ್ತಪರೀಕ್ಷೆಯ ವರದಿಯಿಂದ. ಆ ನಾಲ್ಕು ತಿಂಗಳೂ ಗೌರಿ ಎಂದಿನಂತೆ ಬೆಳಗ್ಗೆ ಗುಡ್ಡೆ ಹತ್ತಿ ಸಂಜೆ ಇಳಿದು ಬರುತ್ತಿತ್ತು, ಅಕ್ಕಚ್ಚು ಕುಡಿಯುತ್ತಿತ್ತು, ಹೊತ್ತಿಗೊಂದು ಸೇರು ಹಾಲು ಕೊಡುತ್ತಿತ್ತು. ಬಾಯಲ್ಲಿ ಹುಣ್ಣು ಕಂಡಿರಲಿಲ್ಲ, ಗೊರಸಿನ ಸಂದಿನಲ್ಲಿ ಗಾಯವಿರಲಿಲ್ಲ, ಒಂದು ದಿನವೂ ಜೊಲ್ಲು ಸುರಿಸಿದ್ದನ್ನು ನಾನಾಗಲಿ ನನ್ನ ಹೆಂಡತಿಯಾಗಲಿ ನೋಡಿರಲಿಲ್ಲ. ಅದೇ ಹಟ್ಟಿಯಲ್ಲಿ ಅದರ ಪಕ್ಕದ ಗೂಟಕ್ಕೆ ಕಟ್ಟಿದ್ದ ಮಿಶ್ರತಳಿಯ ಎರಡು ದನಗಳು ನಿಲ್ಲಲಾರದೆ ನರಳುತ್ತಿದ್ದಾಗ ಗೌರಿ ಬೈಹುಲ್ಲು ಮೆಲ್ಲುತ್ತ ನಿಂತಿತ್ತು. ಊರಿನಲ್ಲಿ ರೋಗ ಎಷ್ಟಿದೆ ಎಂದು ಆಗ ಯಾರಾದರೂ ಬಂದು ಎಣಿಸಿದ್ದರೆ ನಮ್ಮ ಹಟ್ಟಿಯ ಲೆಕ್ಕ ಎರಡು ಎಂದೇ ಆಗುತ್ತಿತ್ತು. ನಿಜವಾದ ಲೆಕ್ಕ ಅದರ ಇಮ್ಮಡಿಯಿತ್ತು.

ನಮ್ಮ ಮನೆ ಇರುವುದು ಪೆರ್ಲದಿಂದ ಅಡ್ಕಸ್ಥಳದ ಕಡೆಗೆ ಹೋಗುವ ದಾರಿಯಿಂದ ಒಳಗೆ, ಕೇರಳದ ಕೊನೆಯ ಕೆಲವು ತೋಟಗಳ ನಡುವೆ. ಸಾರಡ್ಕದ ಗಡಿ ದಾಟಿದರೆ ಕರ್ನಾಟಕ. ಅಡಿಕೆ, ಸ್ವಲ್ಪ ಕಾಳುಮೆಣಸು, ಐದಾರು ದನ, ಇಷ್ಟು ನಮ್ಮ ಬದುಕು. ಇದರ ಜೊತೆಗೆ ಊರಿನ ಹಾಲಿನ ಸೊಸೈಟಿಯಲ್ಲಿ ಬೆಳಗಿನ ಹೊತ್ತು ಲೆಕ್ಕ ಬರೆಯುವ ಕೆಲಸವನ್ನೂ ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಹಾಗಾಗಿ ಯಾವ ಮನೆಯ ಹಾಲು ಯಾವ ದಿನ ಎಷ್ಟು ಇಳಿಯಿತು ಎಂಬುದು ಪಶುವೈದ್ಯರಿಗಿಂತ ಮೊದಲು ನನ್ನ ಪುಸ್ತಕಕ್ಕೆ ಗೊತ್ತಾಗುತ್ತದೆ. ಈ ಬರಹವನ್ನು ಬರೆಯಲು ಅದೂ ಒಂದು ಕಾರಣ.

ಎರಡು ವರ್ಷದ ಹಿಂದೆ ವೃಶ್ಚಿಕ ಮಾಸದಲ್ಲಿ (ನವೆಂಬರ್-ಡಿಸೆಂಬರ್), ಅಂಗಳದ ತುಂಬ ಅಡಿಕೆ ಹರಡಿದ್ದ ಕಾಲದಲ್ಲಿ, ಗಡಿಯಾಚೆಯ ಒಂದು ಮನೆಯಿಂದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಹಾಲು ಕೊಡುವ ದನವೊಂದನ್ನು ತಂದೆವು. ಕಿವಿಯಲ್ಲಿ ಹನ್ನೆರಡು ಅಂಕಿಗಳ ಹಳದಿ ಬಿಲ್ಲೆ ಇತ್ತು. ಬಿಲ್ಲೆ ಇದ್ದರೆ ಲಸಿಕೆಯೂ ಆಗಿರುತ್ತದೆ ಎಂದು ನಾನು ಭಾವಿಸಿಬಿಟ್ಟೆ. ಕೊನೆಯ ಲಸಿಕೆ ಯಾವಾಗ ಹಾಕಿಸಿದ್ದು ಎಂದು ಕೇಳಲಿಲ್ಲ. ತಂದ ದಿನವೇ ಉಳಿದವುಗಳ ಜೊತೆ ಹಟ್ಟಿಯಲ್ಲಿ ಕಟ್ಟಿದೆವು. ಎಂಟನೆಯ ದಿನ ಬೆಳಗ್ಗೆ ಮೊದಲೇ ಹಟ್ಟಿಯಲ್ಲಿದ್ದ ಜರ್ಸಿ ಮಿಶ್ರತಳಿಯ ದನದ ಎರಡು ತಿಂಗಳ ಕರು ಮೊಲೆಗೆ ಬಾಯಿ ಹಾಕಿದ್ದಂತೆಯೇ ಮುಂಗಾಲು ಮಡಚಿ ಬಿದ್ದು, ಎರಡು ಸಲ ಒದ್ದಾಡಿ ಸತ್ತುಹೋಯಿತು. ಹಾವು ಕಚ್ಚಿರಬೇಕು ಎಂದರು ನನ್ನ ತಂದೆ. ಹೊಟ್ಟೆ ಉಬ್ಬರವೂ ಇರಬಹುದು ಎಂದುಕೊಂಡು ತೋಟದ ಮೂಲೆಯಲ್ಲಿ ಗುಂಡಿ ತೋಡಿ ಹೂಳಿದೆವು. ಯಾರಿಗೂ ತಿಳಿಸಲಿಲ್ಲ.

ಹಾಲು ಕುಡಿಯುವ ಎಳೆಗರುಗಳಲ್ಲಿ ಈ ವೈರಸ್ ಎಷ್ಟೋ ಸಲ ಬಾಯಿಗೂ ಗೊರಸಿಗೂ ಬರುವ ಮೊದಲೇ ಹೃದಯದ ಸ್ನಾಯುವಿಗೆ ಹೋಗುತ್ತದೆ. ಅಂಥ ಕರುವಿನ ಹೃದಯವನ್ನು ಸೀಳಿ ನೋಡಿದರೆ ಹುಲಿಯ ಪಟ್ಟೆಗಳಂಥ ಬಿಳಿಚಿದ ಗೆರೆಗಳು ಕಾಣುವುದುಂಟು. ಹುಣ್ಣಿಲ್ಲದೆ, ಜೊಲ್ಲಿಲ್ಲದೆ, ಹಟ್ಟಿಯಲ್ಲಿ ಮೊದಲು ಸಾಯುವುದು ಅದೇ ಕರುವಾಗಿರಬಹುದು. ಇದನ್ನು ನಾನು ಆಗ ತಿಳಿದಿದ್ದರೆ, ಕರುವನ್ನು ಹೂಳುವ ಮೊದಲು ಮೃಗಾಸ್ಪತ್ರೆಗೆ ಫೋನ್ ಮಾಡಿದ್ದರೆ, ಪರೀಕ್ಷೆಗೆ ಬೇಕಾದ ಒಳ್ಳೆಯ ಮಾದರಿ ಆ ದಿನವೇ ಸಿಗುತ್ತಿತ್ತು ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ಮೂರು ದಿನ ಕಳೆದ ಮೇಲೆ ಜರ್ಸಿಯ ಹಾಲು ಏಳು ಲೀಟರಿನಿಂದ ಮೂರಕ್ಕೆ ಇಳಿಯಿತು. ರಾತ್ರಿ ಹಟ್ಟಿಯಿಂದ ಚಪ್ ಚಪ್ ಎಂದು ಬಾಯಿ ಬಡಿಯುವ ಸದ್ದು ಕೇಳುತ್ತಿತ್ತು. ಬೆಳಗ್ಗೆ ನೋಡಿದರೆ ದವಡೆಯಿಂದ ನೆಲದವರೆಗೆ ನೂಲಿನಂತೆ ಜೊಲ್ಲು ಇಳಿದಿತ್ತು, ಹಿಂಗಾಲುಗಳನ್ನು ಒಂದಾದ ಮೇಲೊಂದು ಎತ್ತಿ ಕೊಡವುತ್ತಿತ್ತು. ಬಾಯಿ ಬಿಡಿಸಿ ನಾಲಗೆಯನ್ನು ಹಿಡಿದಾಗ ಅದರ ಮೇಲಿನ ಪೊರೆ, ಬೇಯಿಸಿದ ಹಲಸಿನ ಬೀಜದ ಬಿಳಿ ಸಿಪ್ಪೆ ಜಾರುವ ಹಾಗೆ, ನನ್ನ ಅಂಗೈಯಲ್ಲಿ ಉಳಿಯಿತು. ಕೆಳಗೆ ಕೆಂಪಗಿನ ಹಸಿ ಮಾಂಸ. ಮಧ್ಯಾಹ್ನದ ಹೊತ್ತಿಗೆ ಹೊಸ ದನವೂ ಮೇವು ಬಿಟ್ಟಿತು.

ಆ ದಿನವೇ ಬಂದ ಡಾಕ್ಟರು ಮಲಯಾಳದಲ್ಲಿ ‘ಕುಳಂಬುರೋಗ’ ಎಂದರು. ಈ ಹೆಸರಿನ ಬಗ್ಗೆ ಒಂದು ಮಾತು ಹೇಳಬೇಕು. ಕುಳಂಬು ಎಂದರೆ ಗೊರಸು. ಗಡಿಯ ಈ ಬದಿಯಲ್ಲಿ ಸೂಚನಾ ಪತ್ರಗಳೂ ಲಸಿಕೆಯ ಪ್ರಕಟಣೆಗಳೂ ಹೆಚ್ಚಾಗಿ ಮಲಯಾಳದಲ್ಲೇ ಬರುವುದರಿಂದ, ಕನ್ನಡ ಮಾತ್ರ ಓದಬಲ್ಲ ಹಿರಿಯರು ಆ ಹೆಸರನ್ನು ಕೇಳಿ ಇದು ಗೊರಸು ಕೊಳೆಯುವ ಬೇರೆಯೇ ರೋಗ ಎಂದು ತಿಳಿದಿರುವುದನ್ನು ನಾನು ಕಂಡಿದ್ದೇನೆ. ಕಾಲಿಗೆ ಔಷಧ ಹಚ್ಚುತ್ತಾರೆ, ಬಾಯಿ ಬಿಡಿಸಿ ನೋಡುವುದಿಲ್ಲ. ಕಾಸರಗೋಡಿನ ಕನ್ನಡ ಪ್ರದೇಶದಲ್ಲಿ ಪ್ರಾಣಿರೋಗದ ಮಾಹಿತಿಯನ್ನು ಕನ್ನಡದಲ್ಲೂ ಮುದ್ರಿಸಿ ಹಂಚಬೇಕು ಎಂಬುದು ಭಾಷಾಭಿಮಾನದ ಮಾತಲ್ಲ, ರೋಗಪತ್ತೆಯ ಮಾತು.

ಡಾಕ್ಟರು ಜರ್ಸಿಯ ನಾಲಗೆಯ ಪೊರೆಯ ತುಂಡುಗಳನ್ನು ಚಿಕ್ಕ ಬಾಟಲಿಯಲ್ಲಿದ್ದ ಗ್ಲಿಸರಿನ್ ಬೆರೆತ ದ್ರಾವಣಕ್ಕೆ ಹಾಕಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಬರಿಯ ನೀರು ಯಾಕೆ ಸಾಲದು ಎಂದು ಕೇಳಿದ್ದಕ್ಕೆ, ಈ ವೈರಸ್ಸಿಗೆ ಹುಳಿ ಎಂದರೆ ಆಗದು ಎಂದು ವಿವರಿಸಿದರು. ಮಾದರಿಯ ಆಮ್ಲೀಯತೆಯನ್ನು ಅಳೆಯುವ ಪಿಎಚ್ ಪ್ರಮಾಣ 7.2ರಿಂದ 7.6ರ ಒಳಗಿದ್ದರೆ ವೈರಸ್ ಉಳಿಯುತ್ತದೆ. 6ಕ್ಕಿಂತ ಕೆಳಗೆ ಹೋದರೆ ಬೇಗನೆ ನಾಶವಾಗುತ್ತದೆ. ಕಿತ್ತ ಪೊರೆ ಬಿಸಿಲಿಗೆ ಕೊಳೆಯತೊಡಗಿದರೆ ತಾನೇ ಹುಳಿಯಾಗುತ್ತದೆ. ಆದ್ದರಿಂದ ಈ ರೋಗದಲ್ಲಿ ಮಾದರಿಯನ್ನು ಹೇಗೆ ತೆಗೆದರು ಎಂಬಷ್ಟೇ, ಅದು ದಾರಿಯಲ್ಲಿ ಹೇಗೆ ಪ್ರಯಾಣ ಮಾಡಿತು ಎಂಬುದೂ ಮುಖ್ಯವಾಗುತ್ತದೆ. ನಮ್ಮ ಮಾದರಿಯ ಪ್ರಯಾಣ ಚೆನ್ನಾಗಿ ಆಗಲಿಲ್ಲ. ನಡುವೆ ಎರಡು ರಜೆ ಬಂದವು, ಪೆಟ್ಟಿಗೆಯ ಮಂಜುಗಡ್ಡೆ ಕರಗಿತು, ತಲಪಬೇಕಾದಲ್ಲಿಗೆ ತಲಪುವಾಗ ಬಾಟಲಿ ಬೆಚ್ಚಗಾಗಿತ್ತು ಎಂದು ಆಮೇಲೆ ತಿಳಿಯಿತು. ವರದಿಯಲ್ಲಿ ‘ವೈರಸ್ ಪತ್ತೆಯಾಗಿಲ್ಲ’ ಎಂದು ಬಂತು.

ಊರಿನಲ್ಲಿ ಆ ವರದಿಯನ್ನು ಓದಿದ ಬಗೆಯೇ ಬೇರೆ. ಸೊಸೈಟಿಯ ಜಗಲಿಯಲ್ಲಿ ನೆರೆಮನೆಯ ಹಿರಿಯರೊಬ್ಬರು, “ರಿಪೋರ್ಟಿನಲ್ಲಿ ಇಲ್ಲ ಅಂತ ಬಂದಾಯಿತಲ್ಲ ಮಾರಾಯ, ಇನ್ನೆಂತ ಹೆದರಿಕೆ?” ಎಂದರು. ಅವರ ದನಗಳು ಮರುದಿನವೂ ನಮ್ಮ ಗುಡ್ಡೆಗೇ ಬಂದವು. ಪತ್ತೆಯಾಗಿಲ್ಲ ಎಂಬ ಮಾತಿಗೂ ಇಲ್ಲ ಎಂಬ ಮಾತಿಗೂ ಇರುವ ಅಂತರವನ್ನು ಅವರಿಗೆ ಬಿಡಿಸಿ ಹೇಳುವಷ್ಟು ಆಗ ನನಗೂ ಗೊತ್ತಿರಲಿಲ್ಲ. ಎರಡು ವಾರಗಳಲ್ಲಿ ಆ ಮನೆಯೂ ಸೇರಿ ನಾಲ್ಕು ಮನೆಗಳ ಹಾಲು ನನ್ನ ಪುಸ್ತಕದಲ್ಲಿ ಅರ್ಧಕ್ಕೆ ಇಳಿಯಿತು.

ಆ ಮೇಲೆ ನಾನು ಈ ರೋಗದ ಬಗ್ಗೆ ಓದತೊಡಗಿದೆ, ಡಾಕ್ಟರನ್ನು ಕೇಳತೊಡಗಿದೆ. ಪ್ರಾಣಿಗಳಿಗೆ ರೋಗ ತರುವ ವೈರಸ್ ಎಂದು ಜಗತ್ತಿನಲ್ಲಿ ಮೊತ್ತಮೊದಲು ಗುರುತಿಸಿದ್ದೇ ಕಾಲುಬಾಯಿ ಜ್ವರದ ವೈರಸ್ಸನ್ನು. 19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಫ್ರೀಡ್ರಿಷ್ ಲಫ್ಲರ್ ಮತ್ತು ಪಾಲ್ ಫ್ರಾಷ್ ರೋಗಿ ದನದ ಗುಳ್ಳೆಯ ನೀರನ್ನು ಬ್ಯಾಕ್ಟೀರಿಯಾಗಳು ದಾಟಲಾಗದ ಸೋಸುಕದಲ್ಲಿ ಸೋಸಿ, ಸೋಸಿದ ನೀರೂ ರೋಗ ತರುತ್ತದೆ ಎಂದು ತೋರಿಸಿದರು. ಪ್ರಯೋಗಾಲಯದಿಂದಲೇ ಸುತ್ತಲಿನ ದನಗಳಿಗೆ ರೋಗ ಹರಡುವ ಅಪಾಯವಿದ್ದುದರಿಂದ 1910ರಲ್ಲಿ ಲಫ್ಲರ್ ತನ್ನ ಕೆಲಸವನ್ನು ಬಾಲ್ಟಿಕ್ ಸಮುದ್ರದ ರೀಮ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಇಷ್ಟು ಹರಡುವ ವೈರಸ್ಸಿನಲ್ಲಿ ಏಳು ಬಗೆಗಳಿವೆ. ಈಗ ನಮ್ಮ ದೇಶದಲ್ಲಿ ಓಡಾಡುವವು ಒ, ಎ ಮತ್ತು ಏಷ್ಯಾ 1 ಎಂಬ ಮೂರು. ಒಂದು ಬಗೆಯಿಂದ ಗುಣವಾದ ದನಕ್ಕೆ ಇನ್ನೊಂದು ಬಗೆಯಿಂದ ರಕ್ಷಣೆ ಸಿಗುವುದಿಲ್ಲ. ನಮಗೆ ಕೊಡುವ ಲಸಿಕೆಯಲ್ಲಿ ಈ ಮೂರೂ ಇರುವುದು ಆ ಕಾರಣಕ್ಕೆ, ಮತ್ತು ಜ್ವರ ಬಂದ ಕಡೆಯಿಂದ ನಾಲಗೆಯ ಪೊರೆ ಕೊಡಬೇಕೆನ್ನುವುದೂ ಆ ಕಾರಣಕ್ಕೆ: ಯಾವ ಬಗೆ ಎಂದು ತಿಳಿಯದಿದ್ದರೆ ಲಸಿಕೆಯೊಳಗಿನ ತಳಿ ಇನ್ನೂ ಹೊಂದುತ್ತದೆಯೇ ಎಂದು ನೋಡುವ ದಾರಿಯಿಲ್ಲ.

ಹುಣ್ಣಿನ ಪೊರೆ ಸಿಗುವುದು ಮೊದಲ ಕೆಲವು ದಿನ ಮಾತ್ರ. ಹುಣ್ಣು ಮಾಯುತ್ತ ಬಂದ ಹಾಗೆ ಅದರಲ್ಲಿ ವೈರಸ್ ಇಲ್ಲವಾಗುತ್ತದೆ. ಆಗ ಉಳಿಯುವುದು ರಕ್ತ. ಆದರೆ ರಕ್ತದಲ್ಲಿ ಹುಡುಕುವುದು ವೈರಸ್ಸನ್ನಲ್ಲ, ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಇಲ್ಲಿ ತಕ್ಷಣ ಒಂದು ತೊಡಕು ಎದುರಾಗುತ್ತದೆ. ಲಸಿಕೆ ಹಾಕಿಸಿಕೊಂಡ ದನದ ರಕ್ತದಲ್ಲೂ ಪ್ರತಿಕಾಯ ಇರುತ್ತದೆ. ಆರು ತಿಂಗಳಿಗೊಮ್ಮೆ ಮನೆಮನೆಗೆ ಬಂದು ಲಸಿಕೆ ಹಾಕುವ ಊರಿನಲ್ಲಿ, ಈ ಪ್ರತಿಕಾಯ ಲಸಿಕೆಯದೋ ರೋಗದ್ದೋ ಎಂದು ತಿಳಿಯುವುದು ಹೇಗೆ?

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉತ್ತರ ನನಗೆ ಬಹಳ ಹಿಡಿಸಿತು. ವೈರಸ್ಸಿನ ಹೊರಕವಚ ಕೆಲವು ಪ್ರೋಟೀನುಗಳಿಂದ ಆದದ್ದು. ಲಸಿಕೆಯಲ್ಲಿ ಇರುವುದು ಸಾಯಿಸಿದ ವೈರಸ್ಸಿನ ಆ ಕವಚ. ಆದರೆ ವೈರಸ್ ಜೀವಂತವಾಗಿ ದನದ ಜೀವಕೋಶದೊಳಗೆ ಹೊಕ್ಕು ಮರಿ ಮಾಡುವಾಗ ಮಾತ್ರ ಬೇರೆ ಕೆಲವು ಪ್ರೋಟೀನುಗಳನ್ನು ಉಪಕರಣಗಳಂತೆ ತಯಾರಿಸಿಕೊಳ್ಳುತ್ತದೆ. ಇವುಗಳಿಗೆ ರಚನೇತರ ಪ್ರೋಟೀನು, ಪ್ರಯೋಗಾಲಯದವರ ಬಾಯಲ್ಲಿ ಎನ್‌ಎಸ್‌ಪಿ, ಎಂದು ಹೆಸರು. ಲಸಿಕೆ ತಯಾರಿಸುವಾಗ ಇವುಗಳನ್ನು ಶುದ್ಧೀಕರಿಸಿ ತೆಗೆದಿರುತ್ತಾರೆ. ಹಾಗಾಗಿ ಕವಚದ ವಿರುದ್ಧ ಮಾತ್ರ ಪ್ರತಿಕಾಯ ಇದ್ದರೆ ಆ ದನ ಲಸಿಕೆ ಕಂಡಿದೆ. ಎನ್‌ಎಸ್‌ಪಿ ವಿರುದ್ಧವೂ ಇದ್ದರೆ ಆ ದನದ ಮೈಯೊಳಗೆ ವೈರಸ್ ಎಂದೋ ಮರಿ ಮಾಡಿದೆ. ಮನೆಗೆ ಬಂದ ನೆಂಟ ಜಗಲಿಯಲ್ಲಿ ಕೂತು ಹೋದನೋ, ಒಲೆ ಹಚ್ಚಿ ಅಡುಗೆ ಮಾಡಿ ಉಂಡನೋ ಎಂಬುದನ್ನು ಒಲೆಯ ಬೂದಿಯಿಂದ ತಿಳಿಯುವ ಹಾಗೆ.

ಇದೇ ಎನ್‌ಎಸ್‌ಪಿ ಪರೀಕ್ಷೆಗಾಗಿ ಮೀನ ಮಾಸದಲ್ಲಿ (ಮಾರ್ಚ್-ಏಪ್ರಿಲ್) ನಮ್ಮ ಪಂಚಾಯತಿಗೆ ರಕ್ತ ಸಂಗ್ರಹಿಸುವವರು ಬಂದರು. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿರೋಗ ನಿಯಂತ್ರಣ ಕಾರ್ಯಕ್ರಮ ಕಾಲುಬಾಯಿ ಜ್ವರ ಮತ್ತು ದನಗಳಲ್ಲಿ ಗರ್ಭಪಾತ ತರುವ ಬ್ರೂಸೆಲ್ಲಾ ರೋಗ ಈ ಎರಡನ್ನೂ ಗುರಿಯಾಗಿಸಿಕೊಂಡದ್ದು. 2030ರೊಳಗೆ ನಿರ್ಮೂಲನ ಎಂಬುದು ಅದರ ಘೋಷಿತ ಉದ್ದೇಶ. ಅದರಲ್ಲಿ ರಕ್ತ ತೆಗೆಯುವುದು ಎರಡು ಬೇರೆ ಬೇರೆ ಕೆಲಸಗಳಿಗೆ, ಮತ್ತು ನಮ್ಮವರಲ್ಲಿ ಹೆಚ್ಚಿನವರು ಇವೆರಡನ್ನೂ ಒಂದೇ ಎಂದುಕೊಂಡಿದ್ದಾರೆ. ಲಸಿಕೆ ಹಾಕುವ ದಿನ ಒಮ್ಮೆ, ಸುಮಾರು 28 ದಿನ ಕಳೆದು ಇನ್ನೊಮ್ಮೆ, ಅದೇ ದನದಿಂದ ರಕ್ತ ತೆಗೆದರೆ ಅದು ಲಸಿಕೆ ನಾಟಿದೆಯೇ ಎಂದು ನೋಡಲು. ಲಸಿಕೆಯ ದಿನಕ್ಕೆ ಸಂಬಂಧವಿಲ್ಲದೆ ಬೇರೆ ಬೇರೆ ಮನೆಗಳಿಂದ ರಕ್ತ ತೆಗೆದರೆ ಅದು ವೈರಸ್ ಊರಿನಲ್ಲಿ ಎಷ್ಟು ಓಡಾಡಿದೆ ಎಂದು ತಿಳಿಯಲು. ಯಾವ ಜಿಲ್ಲೆಯಿಂದ ಎಷ್ಟು ಹಳ್ಳಿ, ಹಳ್ಳಿಯಿಂದ ಎಷ್ಟು ದನ ಎಂದು ಮಾದರಿಯನ್ನು ಲೆಕ್ಕಹಾಕಿ ಆರಿಸುವಂಥ ಕೆಲಸಕ್ಕೆಂದೇ ಬೆಂಗಳೂರಿನ ಯಲಹಂಕದಲ್ಲಿ ನಿವೇದಿ ಎಂಬ ಸಂಸ್ಥೆ ಇದೆ. ಕಾಲುಬಾಯಿ ಜ್ವರಕ್ಕೆಂದೇ ಇರುವ ರಾಷ್ಟ್ರೀಯ ಸಂಸ್ಥೆ ಮೊದಲು ಹಿಮಾಲಯದ ಬೆಟ್ಟಗಳ ನಡುವಿನ ಮುಕ್ತೇಶ್ವರದಲ್ಲಿತ್ತು, ಈಗ ಭುವನೇಶ್ವರದ ಬಳಿ ಇದೆ.

ರಕ್ತ ತೆಗೆಯುವವರು ಬಂದಾಗ ಹೆಚ್ಚಿನವರು ಜ್ವರ ಬಂದು ಹೋದ ದನವನ್ನೇ ಮುಂದೆ ತಂದು ನಿಲ್ಲಿಸಿದರು. “ಚೆನ್ನಾಗಿರುವ ದನಕ್ಕೆ ಯಾಕೆ ಡಾಕ್ಟ್ರೇ ಸೂಜಿ ಚುಚ್ಚುವುದು?” ಎಂದು ಒಬ್ಬ ಅಕ್ಕ ಬೇಸರದಿಂದಲೇ ಕೇಳಿದರು. ಆದರೆ ಬೇಕಾದದ್ದು ಚೆನ್ನಾಗಿರುವ ದನಗಳೇ. ಅದರಲ್ಲೂ ಆರು ತಿಂಗಳಿಂದ ಒಂದೂವರೆ ವರ್ಷದ ಒಳಗಿನ ಕಡಸುಗಳ ರಕ್ತಕ್ಕೆ ಹೆಚ್ಚಿನ ಬೆಲೆ. ಯಾಕೆಂದರೆ ಎನ್‌ಎಸ್‌ಪಿ ಪ್ರತಿಕಾಯಗಳು ರಕ್ತದಲ್ಲಿ ತಿಂಗಳುಗಟ್ಟಲೆ, ಎಷ್ಟೋ ದನಗಳಲ್ಲಿ ವರ್ಷ ದಾಟಿಯೂ ಉಳಿಯುತ್ತವೆ; ಹತ್ತು ವರ್ಷದ ದನದಲ್ಲಿ ಅವು ಸಿಕ್ಕರೆ ವೈರಸ್ ತಗಲಿದ್ದು ಯಾವ ವರ್ಷ ಎಂದು ಹೇಳಲಾಗದು. ಆರು ತಿಂಗಳಿಗಿಂತ ಚಿಕ್ಕ ಕರುವಾದರೆ ಗಿಣ್ಣುಹಾಲಿನ ಮೂಲಕ ತಾಯಿಯಿಂದ ಬಂದ ಪ್ರತಿಕಾಯಗಳು ಇರಬಹುದು. ಒಂದು ವರ್ಷದ ಕಡಸಿನಲ್ಲಿ ಸಿಕ್ಕರೆ ಮಾತ್ರ ವೈರಸ್ ಕಳೆದ ವರ್ಷದೊಳಗೆ ಈ ಊರಿಗೆ ಬಂದಿತ್ತು ಎಂದು ಧೈರ್ಯದಿಂದ ಹೇಳಬಹುದು.

ನಾನು ನಮ್ಮ ಹಟ್ಟಿಯ ಐದೂ ದನಗಳ ರಕ್ತ ಕೊಟ್ಟು, ಫಲಿತಾಂಶ ನನಗೂ ಬೇಕು ಎಂದು ಕೇಳಿಕೊಂಡೆ. ಜರ್ಸಿ ಮತ್ತು ಎಚ್‌ಎಫ್ ಪಾಸಿಟಿವ್ ಎಂದು ಬಂದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಗೌರಿಯೂ ಪಾಸಿಟಿವ್, ಗೌರಿಯ ಹದಿನಾಲ್ಕು ತಿಂಗಳ ಕಡಸೂ ಪಾಸಿಟಿವ್. ತೋಟದಾಚೆಯ ಬೇರೆ ಕೊಟ್ಟಿಗೆಯಲ್ಲಿ ಕಟ್ಟುತ್ತಿದ್ದ ಮುದಿ ದನ ಒಂದು ಮಾತ್ರ ನೆಗೆಟಿವ್. ವರದಿಯನ್ನು ಓದಿದ ಮೇಲೆ ನಾನು ಹಳೆಯ ಪುಸ್ತಕ ತೆಗೆದು ನೋಡಿದೆ. ಜರ್ಸಿಯ ಹಾಲು ಇಳಿದ ಅದೇ ವಾರದಲ್ಲಿ ಎರಡು ದಿನ ಗೌರಿಯ ಹಾಲೂ ಕಾಲು ಲೀಟರ್ ಕಡಿಮೆಯಾಗಿತ್ತು. ಅಷ್ಟೇ. ಆ ಎರಡು ಅಂಕಿಗಳನ್ನು ಬರೆದವನು ನಾನೇ.

ಗಿಡ್ಡ ದನಕ್ಕೆ ರೋಗ ಬಾರದು ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಬಾರದು ಎನ್ನುವುದಕ್ಕಿಂತ, ಬಂದರೂ ತೋರಿಸಿಕೊಳ್ಳುವುದಿಲ್ಲ ಎನ್ನುವುದು ಸರಿ. ನಾಟಿ ತಳಿಗಳಲ್ಲಿ ಈ ರೋಗದ ಲಕ್ಷಣಗಳು ಮಿಶ್ರತಳಿಗಳಲ್ಲಿ ಇರುವಷ್ಟು ತೀವ್ರವಾಗಿ ಇರುವುದಿಲ್ಲ ಎಂಬುದು ಪಶುವೈದ್ಯರು ಬಹುಕಾಲದಿಂದ ಕಂಡ ಮಾತು. ಅದು ಆ ದನದ ಪುಣ್ಯ, ಪಕ್ಕದ ಗೂಟದ ದನದ ಪುಣ್ಯವಲ್ಲ. ಈ ನಂಬಿಕೆಯಿಂದಲೇ ಲಸಿಕೆಯವರು ಬಂದ ದಿನ ಗಿಡ್ಡ ದನಗಳನ್ನು ಗುಡ್ಡೆಗೆ ಬಿಡುತ್ತೇವೆ. ಆ ಸುತ್ತಿನಲ್ಲಿ ಗೌರಿಗೂ ಕಡಸಿಗೂ ಲಸಿಕೆ ತಪ್ಪಿದ್ದು ಹಾಗೆಯೇ. 2001ರಲ್ಲಿ ಬ್ರಿಟನ್ನಿನಲ್ಲಿ ಈ ರೋಗದ ಒ ಬಗೆಯ ವೈರಸ್ ಬಂದಾಗ ಅದನ್ನು ದೇಶದುದ್ದ ಹೊತ್ತೊಯ್ದದ್ದು ಸಂತೆಯಿಂದ ಸಂತೆಗೆ ಸಾಗಿದ ಕುರಿಗಳು. ಕುರಿಗಳಲ್ಲಿ ಲಕ್ಷಣ ಅಷ್ಟಾಗಿ ಕಾಣದು. ಕಣ್ಣಿಗೆ ಬೀಳುವ ಹೊತ್ತಿಗೆ ಹರಡಿ ಆಗಿತ್ತು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ನಮ್ಮಲ್ಲಿ 2013ರಲ್ಲಿ ಕರ್ನಾಟಕ, ತಮಿಳುನಾಡು, ಕೇರಳ ಮೂರರಲ್ಲೂ ಈ ಜ್ವರ ಹಬ್ಬಿ ಹಟ್ಟಿಗಳು ಬರಿದಾದದ್ದನ್ನು ನಮ್ಮ ವಯಸ್ಸಿನವರು ಮರೆತಿಲ್ಲ.

ಹಾಗಾದರೆ ಒಂದು ಊರಿನಲ್ಲಿ ಎಷ್ಟು ದನಗಳ ರಕ್ತ ನೋಡಿದರೆ ಸಾಕು? ಇದು ಲೆಕ್ಕದ ಪ್ರಶ್ನೆ, ಮತ್ತು ಲೆಕ್ಕ ಬರೆಯುವವನಾದ ನನಗೆ ಇದರ ಉತ್ತರ ಎಲ್ಲಕ್ಕಿಂತ ಹೆಚ್ಚು ಕಣ್ಣು ತೆರೆಸಿತು. ಇಪ್ಪತ್ತು ದನಗಳಲ್ಲಿ ಒಂದಕ್ಕೆ ವೈರಸ್ ತಗಲಿದೆ ಎಂದಿಟ್ಟುಕೊಳ್ಳಿ. ಹತ್ತು ದನಗಳ ರಕ್ತ ತೆಗೆದರೆ ಆ ಹತ್ತೂ ಶುದ್ಧವಾಗಿರುವ ಸಂಭವ ನೂರಕ್ಕೆ ಅರವತ್ತರಷ್ಟಿದೆ. ಅಂದರೆ ಹತ್ತು ವರದಿಗಳನ್ನು ಕೈಯಲ್ಲಿ ಹಿಡಿದು ನಮ್ಮ ಊರಿನಲ್ಲಿ ಏನೂ ಇಲ್ಲ ಎಂದು ನಾವು ಹೇಳಿದರೆ, ತಪ್ಪುವ ಸಾಧ್ಯತೆಯೇ ಹೆಚ್ಚು. ನೂರಕ್ಕೆ ತೊಂಬತ್ತೈದರಷ್ಟು ಭರವಸೆಯಿಂದ ಒಂದನ್ನಾದರೂ ಹಿಡಿಯಬೇಕಾದರೆ 59 ದನಗಳ ರಕ್ತ ಬೇಕು. ಹತ್ತರಲ್ಲಿ ಒಂದಕ್ಕೆ ತಗಲಿದ್ದರೆ 29 ಸಾಕು. ನೂರರಲ್ಲಿ ಒಂದಾದರೆ 299 ಬೇಕು. ರೋಗ ಕಡಿಮೆಯಾದಷ್ಟೂ ಹುಡುಕಾಟ ಹೆಚ್ಚಬೇಕು. ಲಸಿಕೆ ಚೆನ್ನಾಗಿ ನಡೆದು ಜ್ವರ ಕಾಣದಾದ ವರ್ಷಗಳಲ್ಲಿ ನಾವು ಮಾಡುವುದು ಇದರ ತಿರುವು: ಈಗ ರೋಗವೇ ಇಲ್ಲವಲ್ಲ, ರಕ್ತ ಯಾಕೆ ಎನ್ನುತ್ತೇವೆ.

ಇಷ್ಟಕ್ಕೂ ಈ 59 ಎಲ್ಲಿಂದ ಬಂದವು ಎಂಬುದು ಮುಖ್ಯ. ರಸ್ತೆಬದಿಯ ಹತ್ತು ಹನ್ನೆರಡು ಮನೆಗಳಿಂದ ಐದೈದು ತೆಗೆದು 59 ಮಾಡಿದರೆ ಅದು ಐವತ್ತೊಂಬತ್ತು ಮನೆಗಳ ಐವತ್ತೊಂಬತ್ತಕ್ಕೆ ಸಮವಲ್ಲ. ಒಂದೇ ಹಟ್ಟಿಯ ದನಗಳು ಒಂದೇ ಬಾನಿಯಲ್ಲಿ ನೀರು ಕುಡಿಯುತ್ತವೆ. ಒಂದಕ್ಕೆ ತಗಲಿದರೆ ಉಳಿದವಕ್ಕೂ ತಗಲಿರುತ್ತದೆ, ಒಂದಕ್ಕೆ ಇಲ್ಲದಿದ್ದರೆ ಉಳಿದವಕ್ಕೂ ಇರುವುದಿಲ್ಲ. ನಮ್ಮ ಹಟ್ಟಿಯಲ್ಲಿ ಐದರಲ್ಲಿ ನಾಲ್ಕು ಎಂದರೆ ಊರಿನಲ್ಲಿ ನೂರಕ್ಕೆ ಎಂಬತ್ತು ಎಂದಲ್ಲ. ಆದ್ದರಿಂದ ಹರಡಿಕೆಯನ್ನು ಹೇಳುವಾಗ ಎಷ್ಟು ದನಗಳಲ್ಲಿ ಎಂಬುದರ ಜೊತೆಗೆ ಎಷ್ಟು ಹಟ್ಟಿಗಳಲ್ಲಿ ಎಂದೂ ಕೇಳಬೇಕು. ಜೀಪು ಹೋಗದ, ತೋಡು ದಾಟಿ ನಡೆಯಬೇಕಾದ ಮನೆಗಳ ದನಗಳನ್ನು ಬಿಟ್ಟ ಲೆಕ್ಕ ಎಷ್ಟೇ ದೊಡ್ಡದಾದರೂ ನನಗೆ ನಂಬಿಕೆ ಬರುವುದಿಲ್ಲ.

ಪಾಸಿಟಿವ್ ಎಂದು ಬಂದದ್ದೆಲ್ಲ ನಿಜವಾದ ಪಾಸಿಟಿವ್ ಎಂದೂ ಹೇಳಲಾಗದು. ಒಂದು ಪರೀಕ್ಷೆ ತಗಲಿದ ನೂರು ದನಗಳಲ್ಲಿ ತೊಂಬತ್ತನ್ನು ಹಿಡಿಯುತ್ತದೆ, ತಗಲದ ನೂರರಲ್ಲಿ ಮೂರನ್ನು ತಪ್ಪಾಗಿ ಪಾಸಿಟಿವ್ ಎನ್ನುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಸಾವಿರ ದನಗಳಲ್ಲಿ ನಿಜವಾಗಿ ತಗಲಿದ್ದು ಇಪ್ಪತ್ತಕ್ಕೆ ಎಂದಾದರೆ ಅವುಗಳಲ್ಲಿ 18 ಸಿಗುತ್ತವೆ. ಉಳಿದ 980ರಲ್ಲಿ ಸುಮಾರು 29 ತಪ್ಪಾಗಿ ಸೇರಿಕೊಳ್ಳುತ್ತವೆ. ವರದಿಯಲ್ಲಿ ಕಾಣುವ 47 ಪಾಸಿಟಿವ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳು. ಚೆನ್ನಾಗಿ ಶುದ್ಧೀಕರಿಸದ ಲಸಿಕೆಯನ್ನು ಮತ್ತೆ ಮತ್ತೆ ಹಾಕಿಸಿಕೊಂಡ ದನಗಳಲ್ಲೂ ಹೀಗಾಗಬಹುದು. ಹಾಗಾಗಿ ಒಂಟಿ ದನವೊಂದರ ಪಾಸಿಟಿವ್ ವರದಿಯನ್ನು ಹಿಡಿದು ಆ ಮನೆಯ ಹಾಲು ಬೇಡ ಎನ್ನುವುದು ಅನ್ಯಾಯ. ಅದೇ ಹಟ್ಟಿಯ ಬೇರೆ ದನಗಳಲ್ಲೂ ಇದೆಯೇ, ಅಕ್ಕಪಕ್ಕದಲ್ಲೂ ಇದೆಯೇ, ಕೆಲವು ವಾರ ಬಿಟ್ಟು ಮತ್ತೆ ತೆಗೆದ ರಕ್ತದಲ್ಲಿ ಏರಿದೆಯೇ ಇಳಿದಿದೆಯೇ ಎಂದು ನೋಡಿದರೆ ಮಾತ್ರ ಚಿತ್ರ ಸ್ಪಷ್ಟವಾಗುತ್ತದೆ.

ಈ ಅನ್ಯಾಯದ ಭಯದಿಂದಲೇ ಜನ ಮುಚ್ಚಿಡುತ್ತಾರೆ. ಗೌರಿಯ ವರದಿ ಬಂದಾಗ, ಮಾರಿಬಿಡುವುದು ಒಳ್ಳೆಯದು ಎಂದು ನನಗೆ ಸಲಹೆ ಕೊಟ್ಟವರಿದ್ದರು. ಎನ್‌ಎಸ್‌ಪಿ ಪ್ರತಿಕಾಯ ಇರುವ ದನ ರೋಗಿಯಲ್ಲ. ಅದು ಕಳೆದುಹೋದ ಸೋಂಕಿನ ಗುರುತು. ಗುಣವಾದ ಕೆಲವು ದನಗಳ ಗಂಟಲಿನಲ್ಲಿ ವೈರಸ್ 28 ದಿನಗಳಾಚೆಗೂ, ಅಪರೂಪಕ್ಕೆ ಮೂರು ವರ್ಷ ದಾಟಿಯೂ ಉಳಿಯುವುದುಂಟು. ಆದರೆ ಹಾಗೆ ಉಳಿದ ವೈರಸ್ ಬೇರೆ ದನಕ್ಕೆ ದಾಟುವುದು ಬಹಳ ವಿರಳ. ಮನುಷ್ಯರಿಗೆ ಇದರಿಂದ ಅಪಾಯವಿಲ್ಲ. 2022ರಲ್ಲಿ ಕೇರಳದ ಮಕ್ಕಳಲ್ಲಿ ‘ತಕ್ಕಾಳಿ ಪನಿ’ ಎಂದು ಸುದ್ದಿಯಾದ ಕೈಕಾಲುಬಾಯಿ ಜ್ವರ ಬೇರೆಯೇ ವೈರಸ್ಸಿನದು, ದನಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಸೊಸೈಟಿಯ ಜಗಲಿಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಗಡಿಯ ವಿಷಯ ಇನ್ನೊಂದು. ದನ ಕೊಡುವ ಕೊಳ್ಳುವ ಸಂಬಂಧ ನಮಗೆ ಹೆಚ್ಚಾಗಿ ಇರುವುದು ವಿಟ್ಲ, ಪುತ್ತೂರು, ಸುಳ್ಯದ ಕಡೆಗೆ. ಲಸಿಕೆಯ ಸುತ್ತು ಎರಡು ರಾಜ್ಯಗಳಲ್ಲಿ ಒಂದೇ ವಾರದಲ್ಲಿ ನಡೆಯಬೇಕೆಂದೇನೂ ಇಲ್ಲ. ಲಸಿಕೆಯ ರಕ್ಷಣೆ ಸುಮಾರು ಆರು ತಿಂಗಳು. ಆ ಬದಿಯಲ್ಲಿ ಐದನೆಯ ತಿಂಗಳು ಕಳೆದ ದನವನ್ನು ಈ ಬದಿಯಲ್ಲಿ ಐದನೆಯ ತಿಂಗಳು ಕಳೆದ ಹಟ್ಟಿಗೆ ತಂದರೆ ಎರಡೂ ಕಡೆಯ ತಡೆಗೋಡೆ ಒಟ್ಟಿಗೆ ಸವೆದಿರುತ್ತದೆ. ಈಗ ನಾವು ದನ ತರುವ ಮೊದಲು ಕಿವಿಬಿಲ್ಲೆಯ ಸಂಖ್ಯೆಯನ್ನು ಫೋನಿನಲ್ಲಿ ತರಿಸಿಕೊಂಡು, ಮೃಗಾಸ್ಪತ್ರೆಯಲ್ಲಿ ಕೊಟ್ಟು, ಕೊನೆಯ ಲಸಿಕೆಯ ದಿನವನ್ನು ನೋಡಿಸುತ್ತೇವೆ. ತಂದ ಮೇಲೆ ಮುದಿ ದನ ಇದ್ದ ತೋಟದಾಚೆಯ ಕೊಟ್ಟಿಗೆಯಲ್ಲಿ ಮೂರು ವಾರ ಬೇರೆ ಕಟ್ಟುತ್ತೇವೆ. ಅದಕ್ಕೆ ಹುಲ್ಲು ಹಾಕಿದವರು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಕೈಕಾಲು ತೊಳೆದೇ ಹಟ್ಟಿಗೆ ಬರುತ್ತಾರೆ.

ಸೊಸೈಟಿಯ ಪುಸ್ತಕದಲ್ಲಿಯೂ ಒಂದು ಬದಲಾವಣೆ ಮಾಡಿದ್ದೇನೆ. ಹಾಲಿನ ಅಳತೆಯ ಪಕ್ಕದಲ್ಲಿ ಕೆಂಪು ಶಾಯಿಯ ಒಂದು ಕಂಬ. ಯಾವ ಮನೆಯ ಹಾಲಾದರೂ ಎರಡು ದಿನ ಒಟ್ಟಿಗೆ ಕಾಲು ಪಾಲು ಇಳಿದರೆ ಅಲ್ಲಿ ಗುರುತು ಹಾಕಿ ಅದೇ ಬೆಳಗ್ಗೆ ಆ ಮನೆಗೆ ಫೋನ್ ಮಾಡುತ್ತೇನೆ: ದನದ ಬಾಯಿ ಬಿಡಿಸಿ ನೋಡಿದಿರಾ, ಕರು ಹೇಗಿದೆ, ಹೊಸ ದನ ತಂದಿದ್ದೀರಾ. ಹುಣ್ಣು ಕಾಣುವ ಮೊದಲೇ, ಒಂದೆರಡು ದಿನ ಮುಂಚಿತವಾಗಿ, ವೈರಸ್ ಹಾಲಿನಲ್ಲೂ ಜೊಲ್ಲಿನಲ್ಲೂ ಇರುತ್ತದೆ ಎನ್ನುತ್ತಾರೆ. ಹೆಚ್ಚಿನ ಸಲ ಇಳಿಕೆಗೆ ಕಾರಣ ಹಿಂಡಿ ಬದಲಾದದ್ದೋ ದನ ಬೆದೆಗೆ ಬಂದದ್ದೋ ಆಗಿರುತ್ತದೆ. ಹಾಗಿದ್ದರೂ ಕೇಳುವುದನ್ನು ಬಿಟ್ಟಿಲ್ಲ.

ಗೌರಿ ಈ ವರ್ಷ ಮೇಷ ಮಾಸದಲ್ಲಿ ಹೆಣ್ಣುಕರು ಹಾಕಿದೆ. ನಾಲ್ಕು ತಿಂಗಳು ತುಂಬಿದಾಗ ಅದಕ್ಕೆ ಮೊದಲ ಲಸಿಕೆ, ಒಂದು ತಿಂಗಳು ಬಿಟ್ಟು ಮತ್ತೊಂದು ಲಸಿಕೆ ಹಾಕಿಸಿದ್ದೇನೆ. ಮುಂದಿನ ತಿಂಗಳು ಅದಕ್ಕೆ ಎಂಟು ತಿಂಗಳಾಗುತ್ತದೆ. ತಾಯಿಯ ಗಿಣ್ಣುಹಾಲಿನಿಂದ ಏನಾದರೂ ಬಂದಿದ್ದರೂ ಅಷ್ಟರಲ್ಲಿ ರಕ್ತದಿಂದ ಹೋಗಿರುತ್ತದೆ; ಎರಡು ಸಲದ ಲಸಿಕೆಯಿಂದ ಎನ್‌ಎಸ್‌ಪಿ ಪ್ರತಿಕಾಯ ಸಾಮಾನ್ಯವಾಗಿ ಬರುವುದಿಲ್ಲ. ಆಗ ಅದರ ರಕ್ತದಲ್ಲಿ ಏನಾದರೂ ಸಿಕ್ಕಿದರೆ ವೈರಸ್ ಈ ವರ್ಷವೂ ನಮ್ಮ ಗುಡ್ಡೆಗೆ ಬಂದುಹೋಗಿರಬೇಕು ಎಂದು ಉಳಿದ ದನಗಳನ್ನೂ ನೋಡಿಸಬೇಕು. ಮೃಗಾಸ್ಪತ್ರೆಯ ಪಟ್ಟಿಯಲ್ಲಿ ಆ ಕರುವಿನ ಬಿಲ್ಲೆಯ ಸಂಖ್ಯೆ ಬರೆಸಿ ಬಂದಿದ್ದೇನೆ, ಮತ್ತು ಈ ಸಲ ತೋಡಿನಾಚೆಯ ಏಳು ಮನೆಗಳ ಕಡಸುಗಳ ಸಂಖ್ಯೆಯನ್ನೂ.